ಎಫ್‌ಎಂಡಬ್ಲ್ಯೂ ಕಂಪನಿಯನ್ನು ಮುಳುಗಿಸಿದ್ದು ಸಾಲದ ನೋಟುಗಳು

ಮಾನ್ಯ ಸಂಪಾದಕರೇ,

ಜಪಾನಿನ ಪ್ರೊ ರೆಸ್ಲಿಂಗ್ (ಫಲಿತಾಂಶ ಮೊದಲೇ ಗೊತ್ತುಮಾಡಿ ಆಡುವ ಪ್ರದರ್ಶನ ಕುಸ್ತಿ) ಕುರಿತು ನಿಮ್ಮ ಭಾನುವಾರದ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಲು ಚೆನ್ನಾಗಿತ್ತು. ಆದರೆ ಅದರಲ್ಲಿ ಎಫ್‌ಎಂಡಬ್ಲ್ಯೂ, ಅಂದರೆ ಫ್ರಾಂಟಿಯರ್ ಮಾರ್ಷಲ್ ಆರ್ಟ್ಸ್ ರೆಸ್ಲಿಂಗ್ ಎಂಬ ಸಣ್ಣ ಕಂಪನಿಯ ಕಥೆಯನ್ನು ಎರಡೇ ಸಾಲಿನಲ್ಲಿ ಮುಗಿಸಲಾಗಿದೆ. ಜನರಿಗೆ ರಕ್ತ ನೋಡಿ ನೋಡಿ ಸಾಕಾಯಿತು, ಮುಖ್ಯ ಕುಸ್ತಿಪಟು ಹಯಾಬುಸಾ ಕತ್ತು ಮುರಿದುಕೊಂಡರು, ಕಂಪನಿ ಮುಚ್ಚಿತು ಎಂದು. ಈ ಎರಡು ಕಾರಣಗಳೂ ತಾರೀಕಿಗೆ ತಾಳೆಯಾಗುವುದಿಲ್ಲ. ಮುಳ್ಳುತಂತಿ, ಸಿಡಿಮದ್ದಿನ ರಕ್ತದಾಟವನ್ನು ಕಂಪನಿ ಬಹುಮಟ್ಟಿಗೆ ಹಿಂದಕ್ಕೆ ಸರಿಸಿದ್ದು 1998ರಲ್ಲಿ. ಬಾಗಿಲು ಹಾಕಿದ್ದು 2002ರ ಫೆಬ್ರವರಿಯಲ್ಲಿ. ಹಯಾಬುಸಾ ಬಿದ್ದದ್ದು 2001ರ ಅಕ್ಟೋಬರ್ 22ರಂದು. ಅಲ್ಲಿಂದ ಬಾಗಿಲು ಹಾಕುವವರೆಗೆ ನಾಲ್ಕು ತಿಂಗಳೂ ಇಲ್ಲ. ಹನ್ನೆರಡು ವರ್ಷ ನಡೆದ ಕಂಪನಿಯನ್ನು ಮುಳುಗಿಸುವಷ್ಟು ಸಾಲ ನಾಲ್ಕು ತಿಂಗಳಲ್ಲಿ ಹುಟ್ಟುವುದಿಲ್ಲ. ಅದು ಹೇಗೆ ಹುಟ್ಟಿತು ಎಂಬುದು ಬರೆಯಬೇಕಾದ ವಿಷಯ. ಲೇಖನ ಅದನ್ನೇ ಬಿಟ್ಟಿದೆ.

ಕಂಪನಿ ಕಟ್ಟಿದ ಅತ್ಸುಶಿ ಓನಿತಾ 1957ರಲ್ಲಿ ನಾಗಾಸಾಕಿಯಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಜೈಂಟ್ ಬಾಬಾ ಅವರ ಆಲ್ ಜಪಾನ್ ಕಂಪನಿ ಸೇರಿ, ಬಾಬಾ ಅವರ ಚೀಲ ಹೊತ್ತು ಬೆಳೆದವರು. 1982ರಲ್ಲಿ ಜೂನಿಯರ್ ಹೆವಿವೇಟ್ ವಿಭಾಗದಲ್ಲಿ ಎನ್‌ಡಬ್ಲ್ಯೂಎ ಎಂಬ ಕುಸ್ತಿ ಒಕ್ಕೂಟದ ಅಂತರರಾಷ್ಟ್ರೀಯ ಪಟ್ಟ ಗೆದ್ದರು. 1983ರ ಏಪ್ರಿಲ್‌ನಲ್ಲಿ ಪಂದ್ಯವೊಂದನ್ನು ಗೆದ್ದು ರಿಂಗಿನಿಂದ ಕೆಳಕ್ಕೆ ಹಾರಿದಾಗ ಕಾಲು ಜಾರಿ ಎಡ ಮಂಡಿಚಿಪ್ಪು ಪುಡಿಯಾಯಿತು. ಎದುರಾಳಿಯ ಪೆಟ್ಟಿಗಲ್ಲ, ಗೆದ್ದ ಖುಷಿಯ ಜಿಗಿತಕ್ಕೆ! ಚೇತರಿಸಿಕೊಳ್ಳಲಾಗದೆ 1985ರ ಜನವರಿಯಲ್ಲಿ, 27ನೇ ವಯಸ್ಸಿಗೇ ನಿವೃತ್ತಿ ಘೋಷಿಸಿದರು.

ಮತ್ತೆ ಕುಸ್ತಿಗೆ ಇಳಿಯುವ ಹೊತ್ತಿಗೆ ಜಪಾನಿನಲ್ಲಿ ಯುಡಬ್ಲ್ಯೂಎಫ್ ಎಂಬ ಕಂಪನಿಯ ಗಾಳಿ ಬೀಸುತ್ತಿತ್ತು. ಒದೆತ, ಕೀಲು ತಿರುಚುವ ಪಟ್ಟು, ನಿಜವಾದ ಕಾದಾಟದ ಹಾಗೆ ಕಾಣುವ ಪಂದ್ಯ, ಇವು ಅವರ ಬಂಡವಾಳ. 1988ರ ಡಿಸೆಂಬರ್‌ನಲ್ಲಿ ಓಸಾಕಾದಲ್ಲಿ ನಡೆದ ಅವರ ಪ್ರದರ್ಶನಕ್ಕೆ ಓನಿತಾ ಸವಾಲಿನ ಪತ್ರ ಹಿಡಿದು ಹೋದರು. ಟಿಕೆಟ್ ಇದೆಯೇ ಎಂದು ಕೇಳಿ ಬಾಗಿಲಲ್ಲೇ ವಾಪಸ್ ಕಳಿಸಿದ ಪ್ರಸಂಗ ಜಪಾನಿನ ಅಭಿಮಾನಿಗಳ ಬಾಯಲ್ಲಿ ಇಂದಿಗೂ ಇದೆ. ಓನಿತಾ ಆ ಅವಮಾನವನ್ನೇ ಪ್ರಚಾರ ಮಾಡಿಕೊಂಡರು. 1989ರ ಜುಲೈನಲ್ಲಿ ಕರಾಟೆ ಪಟು ಮಸಾಶಿ ಆಯೊಯಾಗಿ ಜೊತೆ ಕಾದಾಡಿ ಗದ್ದಲ ಎಬ್ಬಿಸಿದರು. ಅದೇ ವರ್ಷ ಅಕ್ಟೋಬರ್ 6ರಂದು ನಾಗೋಯಾದಲ್ಲಿ, 10ರಂದು ಟೋಕಿಯೊದ ಕೊರಾಕುಎನ್ ಹಾಲ್‌ನಲ್ಲಿ ತಮ್ಮದೇ ಕಂಪನಿಯ ಮೊದಲ ಪ್ರದರ್ಶನಗಳನ್ನು ನಡೆಸಿದರು. ಕೈಯಲ್ಲಿದ್ದ ಬಂಡವಾಳ 50,000 ಯೆನ್ ಎಂದು ಓನಿತಾ ಎಲ್ಲೆಡೆ ಹೇಳಿಕೊಂಡು ಬಂದಿದ್ದಾರೆ. ಈ ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಬಡತನ ಸುಳ್ಳಲ್ಲ.

ಈ ಬಡತನಕ್ಕೆ ಒಂದು ನಿರ್ದಿಷ್ಟ ಅರ್ಥವಿತ್ತು: ಟಿವಿ ಇಲ್ಲ. ಆಲ್ ಜಪಾನ್‌ಗೆ ನಿಪ್ಪಾನ್ ಟಿವಿ ಇತ್ತು, ಇನ್ನೊಂದು ದೊಡ್ಡ ಕಂಪನಿ ನ್ಯೂ ಜಪಾನ್‌ಗೆ ಟಿವಿ ಅಸಾಹಿ ಇತ್ತು. ವಾರವಾರ ದೇಶದ ಮನೆಮನೆಗೆ ಮುಖ ತೋರಿಸುವುದಲ್ಲದೆ ಪ್ರಸಾರ ಹಕ್ಕಿನ ಹಣವೂ ಅವರ ಕೈಸೇರುತ್ತಿತ್ತು. ಟಿವಿ ಇಲ್ಲದ ಕಂಪನಿಗೆ ಉಳಿದದ್ದು ವಾರಪತ್ರಿಕೆಗಳು ಮತ್ತು ಸಂಜೆ ಪತ್ರಿಕೆ ಟೋಕಿಯೊ ಸ್ಪೋರ್ಟ್ಸ್. ಪತ್ರಿಕೆಗೆ ಬೇಕಾದದ್ದು ಚಿತ್ರ. ಇಪ್ಪತ್ತು ನಿಮಿಷದ ಸೊಗಸಾದ ಪಟ್ಟಿನ ಕುಸ್ತಿ ಒಂದು ಸ್ಥಿರಚಿತ್ರದಲ್ಲಿ ಏನೂ ಅಲ್ಲ. ಮುಳ್ಳುತಂತಿಗೆ ಸಿಕ್ಕಿ ಬೆನ್ನು ಹರಿದ ಮನುಷ್ಯನ ಚಿತ್ರ ಮುಖಪುಟ. 1989ರ ಡಿಸೆಂಬರ್ 10ರಂದು ಕೊರಾಕುಎನ್ ಹಾಲ್‌ನಲ್ಲಿ ಓನಿತಾ ಮತ್ತು ಅವರದೇ ಕಂಪನಿಯ ಟಾರ್ಜಾನ್ ಗೋಟೊ ಜೋಡಿ ಮಿತ್ಸುಹಿರೊ ಮತ್ಸುನಾಗಾ ಜೋಡಿಯ ವಿರುದ್ಧ ಮುಳ್ಳುತಂತಿ ಪಂದ್ಯ ಆಡಿತು. ಹೆಸರಿಗೆ ಮಾರ್ಷಲ್ ಆರ್ಟ್ಸ್ ಕಂಪನಿ, ಆದರೆ ಅನ್ನ ಹುಟ್ಟುವುದು ಮುಳ್ಳುತಂತಿಯಲ್ಲಿ ಎಂಬುದು ಅಲ್ಲಿಗೆ ಖಚಿತವಾಯಿತು. ಲೇಖನದಲ್ಲಿ ಇದನ್ನು 'ಹಿಂಸೆಯ ಗೀಳು' ಎಂದು ಕರೆದಿದ್ದಾರೆ. ಗೀಳಿಗಿಂತ ಹೆಚ್ಚಾಗಿ ಇದು ಜಾಹೀರಾತಿಗೆ ಕಾಸಿಲ್ಲದವನ ಲೆಕ್ಕಾಚಾರ.

1990ರ ಆಗಸ್ಟ್ 4ರ ಪಂದ್ಯದಲ್ಲಿ ಆ ಲೆಕ್ಕಾಚಾರ ತುತ್ತತುದಿ ಮುಟ್ಟಿತು. ಟೋಕಿಯೊದ ಶಿಯೊದೋಮೆಯಲ್ಲಿ ಮುಚ್ಚಿಹೋದ ರೈಲ್ವೆ ಗೂಡ್ಸ್ ಯಾರ್ಡಿನ ಖಾಲಿ ಜಾಗ (ಈಗ ಅಲ್ಲಿ ಗಗನಚುಂಬಿ ಕಟ್ಟಡಗಳಿವೆ), ರಿಂಗಿಗೆ ಹಗ್ಗವಿಲ್ಲ, ಹಗ್ಗದ ಬದಲು ಸಿಡಿಮದ್ದು ಕಟ್ಟಿದ ಮುಳ್ಳುತಂತಿ, ಓನಿತಾ ಎದುರು ಗೋಟೊ. ಟೋಕಿಯೊ ಸ್ಪೋರ್ಟ್ಸ್ ಅದನ್ನೇ ಆ ವರ್ಷದ ಅತ್ಯುತ್ತಮ ಪಂದ್ಯವೆಂದೂ ಓನಿತಾರನ್ನು ವರ್ಷದ ಅತ್ಯುತ್ತಮ ಕುಸ್ತಿಪಟುವೆಂದೂ ಆರಿಸಿತು. ಟಿವಿ ಇದ್ದ ಎರಡು ದೊಡ್ಡ ಕಂಪನಿಗಳನ್ನು ಹಿಂದಿಕ್ಕಿ, ಹುಟ್ಟಿ ವರ್ಷವಷ್ಟೇ ಆಗಿದ್ದ ಕಂಪನಿ ಎರಡೂ ಪ್ರಶಸ್ತಿ ಹೊಡೆದುಕೊಂಡಿತು.

ಇಂಥ ಪಂದ್ಯದ ಹಿಂದಿನ ಕೆಲಸ ಎಷ್ಟು ಎಂಬುದನ್ನು ಓದುಗರು ತಿಳಿದಿರಬೇಕು, ಏಕೆಂದರೆ ಖರ್ಚು ಅಡಗಿರುವುದು ಅಲ್ಲಿ. ಮಾಮೂಲಿ ಪ್ರದರ್ಶನದ ದಿನ ಲಾರಿಯಲ್ಲಿ ನಾಲ್ಕು ಕಂಬ, ಕಬ್ಬಿಣದ ತೊಲೆ, ಹಲಗೆ, ಮೆತ್ತೆ, ಕ್ಯಾನ್ವಾಸ್, ಹಗ್ಗ ಬರುತ್ತವೆ. ಕಲಿಯುವ ಹುಡುಗರೇ ಇಳಿಸಿ ಜೋಡಿಸುತ್ತಾರೆ, ಮುಗಿದ ಮೇಲೆ ಅವರೇ ಬಿಚ್ಚಿ ಹೇರುತ್ತಾರೆ. ಮೇಲಿನಿಂದ ಕೆಳಗೆ ಮೂರು ಹಗ್ಗ, ಮೂಲೆಯಲ್ಲಿ ಅವನ್ನು ಎಳೆದು ಬಿಗಿಮಾಡುವ ತಿರುಪು. ಸ್ಫೋಟದ ಪಂದ್ಯಕ್ಕೆ ಕೊನೆಯ ಪಂದ್ಯದ ಹೊತ್ತಿಗೆ ಈ ಹಗ್ಗಗಳನ್ನು ಬಿಚ್ಚಬೇಕು, ಕಂಬದಿಂದ ಕಂಬಕ್ಕೆ ಮುಳ್ಳುತಂತಿ ಬಿಗಿಯಬೇಕು, ಅಲ್ಲಲ್ಲಿ ಸಿಡಿಮದ್ದು ಕೂರಿಸಿ ವಿದ್ಯುತ್ ಸಂಪರ್ಕ ಕೊಡಬೇಕು. ಇದು ಕಲಿಯುವ ಹುಡುಗರ ಕೆಲಸವಲ್ಲ. ಸಿಡಿಮದ್ದು ಬಲ್ಲವರನ್ನು ದುಡ್ಡು ಕೊಟ್ಟು ಕರೆಸಬೇಕು. ಜಪಾನಿನಲ್ಲಿ ಸಿಡಿಮದ್ದಿನ ಬಳಕೆಗೆ 1950ರ ಕಾಯಿದೆ ಇದೆ, ಪ್ರಾಂತ್ಯ ಸರ್ಕಾರದ ಅನುಮತಿ ಬೇಕು. ತಂತಿ ಸಡಿಲವಿದ್ದರೆ ಮೈ ತಗುಲಿದಾಗ ಜೋತು ಬೀಳುತ್ತದೆ, ಸಿಡಿಯಬೇಕಾದದ್ದು ಸಿಡಿಯುವುದಿಲ್ಲ. ಬಿಗಿ ಜಾಸ್ತಿಯಾದರೆ ಬಿದ್ದವನ ಮೈ ಸೀಳುತ್ತದೆ. ಬಯಲಾದರೆ ಮಳೆಯ ಭಯ, ಒಳಾಂಗಣವಾದರೆ ಹೊಗೆ ಮತ್ತು ಹಾಲ್ ಮಾಲೀಕರ ಮುಖ ಗಂಟು. ಒಮ್ಮೆ ತಂತಿ ಬಿಗಿದರೆ ಆ ರಾತ್ರಿ ಮತ್ತೊಂದು ಮಾಮೂಲಿ ಪಂದ್ಯ ಸಾಧ್ಯವಿಲ್ಲ. ಹೊತ್ತಿದ, ರಕ್ತ ಮೆತ್ತಿದ ಕ್ಯಾನ್ವಾಸ್ ಮತ್ತೊಂದು ಊರಿಗೆ ಬರುವುದಿಲ್ಲ. ಫಲಿತಾಂಶ ಮೊದಲೇ ಗೊತ್ತುಮಾಡಿದ್ದು ಎಂಬ ಮಾತ್ರಕ್ಕೆ ಮುಳ್ಳು ಮೊಂಡಾಗುವುದಿಲ್ಲ: ಓನಿತಾ ಮೈಮೇಲೆ ಸಾವಿರಕ್ಕೂ ಹೆಚ್ಚು ಹೊಲಿಗೆ ಬಿದ್ದಿವೆ ಎನ್ನುತ್ತಾರೆ.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1992ರ ಮೇ 6ರ ಪಂದ್ಯ ನೋಡಬೇಕು. ಹ್ಯೋಗೊ ಪ್ರಾಂತ್ಯದ ಸಾಂಡಾದಲ್ಲಿ ಓನಿತಾ ಮತ್ತು ಗೋಟೊ ಒಂದು ಕಡೆ, ಅಮೆರಿಕದ ದಿ ಶೀಕ್ ಮತ್ತು ಸಾಬು ಇನ್ನೊಂದು ಕಡೆ. ರಿಂಗಿನ ಸುತ್ತಲಿನ ತಂತಿಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಬೆಂಕಿ ಹಚ್ಚುವುದು ಯೋಜನೆ. ಬಯಲು ಗಾಳಿಗೆ ಜ್ವಾಲೆ ಎಣಿಸಿದ್ದಕ್ಕಿಂತ ಎತ್ತರಕ್ಕೆ ಎದ್ದಿತು. ನಾಲ್ಕೂ ಕಡೆ ಬೆಂಕಿಯಾದಾಗ ನಡುವಿನ ಗಾಳಿಯೇ ಕಾದು ಉಸಿರಾಡಲು ಆಗದು. ಪಂದ್ಯ ಕೆಲವೇ ನಿಮಿಷಕ್ಕೆ ನಿಂತುಹೋಗಿ ಎಲ್ಲರೂ ಜ್ವಾಲೆಯ ನಡುವೆ ಹಾರಿ ಹೊರಬಿದ್ದರು. ಅರವತ್ತೈದರ ಶೀಕ್‌ಗೆ ಸುಟ್ಟ ಗಾಯಗಳಾದವು. ನಾಲ್ಕೂ ದಿಕ್ಕಿಗೆ ಬೆಂಕಿ ಹಚ್ಚಿ ಹೊರಬರಲು ದಾರಿ ಬಿಡದೆ ಹೋದದ್ದು ಶುದ್ಧ ಅವಿವೇಕ. ಇಷ್ಟರ ಮಟ್ಟಿಗೆ ನಿಮ್ಮ ಲೇಖಕರ ಟೀಕೆ ಸರಿ.

ಇನ್ನು ಕಾವಾಸಾಕಿ ಸ್ಟೇಡಿಯಂ. ಅದು ಲೊಟ್ಟೆ ಓರಿಯನ್ಸ್ ಎಂಬ ಬೇಸ್‌ಬಾಲ್ ತಂಡದ ತವರಾಗಿತ್ತು. ಖಾಲಿ ಗ್ಯಾಲರಿಗೇ ಹೆಸರುವಾಸಿ. 1992ರಲ್ಲಿ ತಂಡ ಚಿಬಾಗೆ ಹೋಯಿತು. ಬೇಸ್‌ಬಾಲ್ ತುಂಬಿಸಲಾಗದ ಆ ಮೈದಾನವನ್ನು ಎಫ್‌ಎಂಡಬ್ಲ್ಯೂ 1991ರ ಸೆಪ್ಟೆಂಬರ್ 23ರಂದು ತುಂಬಿಸಿತು, ಓನಿತಾ ಮತ್ತು ಗೋಟೊ ಪಂಜರದೊಳಗಿನ ಸ್ಫೋಟದ ಪಂದ್ಯದಲ್ಲಿ. ಕಂಪನಿ ಹೇಳಿದ ಲೆಕ್ಕ 33,221 ಜನ. 1993ರ ಮೇ 5ರಂದು ಓನಿತಾ ಎದುರು ಅಮೆರಿಕದ ಟೆರಿ ಫಂಕ್. ಅವತ್ತಿನ ಕಟ್ಟಳೆ, ಹದಿನೈದು ನಿಮಿಷಕ್ಕೆ ರಿಂಗೇ ಸಿಡಿಯುತ್ತದೆ ಎಂಬುದು. ಓನಿತಾ ಗೆದ್ದು ಹೊರಬಂದರು. ಫಂಕ್ ಎದ್ದೇಳಲಿಲ್ಲ. ಸೈರನ್ ಕೂಗುತ್ತಿರುವಾಗಲೇ ಓನಿತಾ ಮತ್ತೆ ಒಳನುಗ್ಗಿ ಎಳೆಯಲು ನೋಡಿದರು, ಆಗಲಿಲ್ಲ. ಕೊನೆಗೆ ಅವರ ಮೇಲೆ ತಾವೇ ಬೋರಲು ಬಿದ್ದು ಮುಚ್ಚಿಕೊಂಡರು, ಸಿಡಿತು. ಗೆದ್ದವನು ಸೋತವನ ಮೈಗೆ ಮರೆಯಾದ ಆ ಹತ್ತಿಪ್ಪತ್ತು ಸೆಕೆಂಡನ್ನು ನೋಡಿದವರು ಎಫ್‌ಎಂಡಬ್ಲ್ಯೂ ಬರೀ ರಕ್ತದ ಕಂಪನಿ ಎಂದು ಹೇಳಲಾರರು. ಓನಿತಾ ಮಾರುತ್ತಿದ್ದ ಸರಕು ಕಣ್ಣೀರು. ಪಂದ್ಯ ಮುಗಿದ ಮೇಲೆ ಮೈಕ್ ಹಿಡಿದು ಅಳುವುದು, ಬಾಯಲ್ಲಿ ನೀರು ತುಂಬಿಕೊಂಡು ಅಭಿಮಾನಿಗಳ ಮೇಲೆ ಉಗುಳುವುದು, ಅವರು ಅದಕ್ಕಾಗಿ ಮುಗಿಬೀಳುವುದು, ಎಲ್ಲ ಸೇರಿ ಒಂದು ಪ್ರದರ್ಶನ.

ಲೇಖನ ಒಂದು ಸಾಲನ್ನೂ ಕೊಡದ ಹೆಂಗಸರ ವಿಭಾಗದ ಬಗ್ಗೆ ಎರಡು ಮಾತು. ಆಗ ಜಪಾನಿನಲ್ಲಿ ಹೆಂಗಸರ ಕುಸ್ತಿಗೆ ಬೇರೆಯೇ ಕಂಪನಿಗಳು. ಎಫ್‌ಎಂಡಬ್ಲ್ಯೂ ಗಂಡಸರು, ಹೆಂಗಸರು ಇಬ್ಬರನ್ನೂ ಒಂದೇ ಪ್ರದರ್ಶನದಲ್ಲಿ ಇಟ್ಟಿತು. ಆಲ್ ಜಪಾನ್ ವಿಮೆನ್ ಕಂಪನಿಯಿಂದ ಹೊರಬಿದ್ದಿದ್ದ ಮೆಗುಮಿ ಕುಡೋ ಮತ್ತು ಕಾಂಬ್ಯಾಟ್ ತೊಯೊಡಾ ಇಲ್ಲಿ ತಾರೆಯರಾದರು. 1996ರ ಮೇ 5ರಂದು ಕಾವಾಸಾಕಿಯಲ್ಲಿ ಅವರಿಬ್ಬರೂ ಆಡಿದ್ದು ಹೆಂಗಸರ ಮೊಟ್ಟಮೊದಲ ಹಗ್ಗವಿಲ್ಲದ ಸ್ಫೋಟದ ಪಂದ್ಯ. ಅದು ತೊಯೊಡಾ ಅವರ ಕೊನೆಯ ಪಂದ್ಯ. ಓನಿತಾ ಇಲ್ಲದ ಕಾಲದಲ್ಲಿ ಆ ಮೈದಾನಕ್ಕೆ ಜನ ಬಂದರೆ ಅದರಲ್ಲಿ ಈ ಇಬ್ಬರ ಪಾಲು ಸಣ್ಣದಲ್ಲ. ಕುಡೋ ಮರುವರ್ಷ ಏಪ್ರಿಲ್ 29ರಂದು ಯೊಕೊಹಾಮಾ ಅರೀನಾದಲ್ಲಿ ನಿವೃತ್ತರಾದರು. ಅವರ ಜಾಗ ತುಂಬುವವರು ಸಿಗಲಿಲ್ಲ.

ಈಗ ಹಣದ ವಿಷಯ. ಸಣ್ಣ ಕಂಪನಿಯೊಂದು ಜಪಾನಿನ ಊರೂರು ಸುತ್ತುವಾಗ ಪ್ರದರ್ಶನಗಳು ಎರಡು ಬಗೆ. ಒಂದು, ಸ್ಥಳೀಯ ಸಂಘಟಕನಿಗೆ ಗುತ್ತಿಗೆಗೆ ಮಾರಿದ್ದು: ಆತ ಇಡಿಗಂಟು ಕೊಡುತ್ತಾನೆ, ಟಿಕೆಟ್ ಮಾರುವುದು, ಪೋಸ್ಟರ್ ಅಂಟಿಸುವುದು, ಜನ ಬರದಿದ್ದರೆ ಕೈಸುಟ್ಟುಕೊಳ್ಳುವುದು ಎಲ್ಲ ಅವನ ಪಾಲು. ಇನ್ನೊಂದು, ಕಂಪನಿಯೇ ನಡೆಸುವುದು: ಹಾಲ್ ಬಾಡಿಗೆ, ಮುದ್ರಣ, ಬಸ್, ಲಾರಿ, ವಸತಿ, ವಿದೇಶಿ ಕುಸ್ತಿಪಟುಗಳ ವಿಮಾನದ ಖರ್ಚು ಮತ್ತು ವಾರದ ಲೆಕ್ಕದ ಸಂಬಳ, ಎಲ್ಲ ಕಂಪನಿಯ ತಲೆಗೆ. ಲಾಭ ಬಂದರೆ ದೊಡ್ಡದು, ನಷ್ಟವೂ ಅಷ್ಟೇ ದೊಡ್ಡದು. ಹೊಟ್ಟೆಪಾಡು ನಡೆಯುವುದು ಮೊದಲನೆಯದರಲ್ಲಿ, ಹೆಸರು ಬೆಳೆಯುವುದು ಎರಡನೆಯದರಲ್ಲಿ. ಇಲ್ಲಿ ಒಂದು ತೊಡಕಿದೆ. ಊರಿನ ಸಂಘಟಕ ಎಫ್‌ಎಂಡಬ್ಲ್ಯೂ ಪ್ರದರ್ಶನವನ್ನು ಕೊಂಡರೆ ಅವನು ನಿಜವಾಗಿ ಕೊಳ್ಳುತ್ತಿದ್ದದ್ದು ಓನಿತಾ ಎಂಬ ಹೆಸರನ್ನು. ಪೋಸ್ಟರಿನಲ್ಲಿ ಆ ಮುಖ ಇಲ್ಲದಿದ್ದರೆ ಇಡಿಗಂಟೂ ಇಲ್ಲ.

ಆದ್ದರಿಂದ ಕಂಪನಿಯ ಕೆಡುಗಾಲ ಆರಂಭವಾದದ್ದು ಅದರ ಬಹುದೊಡ್ಡ ದಿನವೊಂದರಲ್ಲೇ. 1994ರ ಮೇ 5ರಂದು ಕಾವಾಸಾಕಿಯಲ್ಲಿ ಗೆನಿಚಿರೊ ತೆನ್ರ್ಯು ಎದುರು ಓನಿತಾ ಸೋತು, ಒಂದು ವರ್ಷದಲ್ಲಿ ನಿವೃತ್ತನಾಗುತ್ತೇನೆ ಎಂದರು. ಆ ವರ್ಷವಿಡೀ ಬೀಳ್ಕೊಡುಗೆ ಯಾತ್ರೆ, ಊರೂರಲ್ಲಿ ಜನ. ಕೊನೆಯ ಎದುರಾಳಿಯಾಗಬೇಕಿದ್ದ ಗೋಟೊ ಇನ್ನೇನು ದಿನ ಹತ್ತಿರ ಬಂತು ಎನ್ನುವಾಗ ಕಂಪನಿ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದವರು ಮುಸುಕುಧಾರಿ ಯುವಕ ಹಯಾಬುಸಾ. 1995ರ ಮೇ 5ರ ಆ ಪ್ರದರ್ಶನಕ್ಕೆ 58,250 ಜನ ಬಂದರೆಂದು ಕಂಪನಿ ಘೋಷಿಸಿತು. ಸುಮಾರು 30,000 ಆಸನದ ಮೈದಾನದಲ್ಲಿ, ನಡುವಿನ ಅಂಗಳಕ್ಕೆ ಕುರ್ಚಿ ಹಾಕಿದರೂ, ಇಷ್ಟು ಜನ ಹಿಡಿಯುವುದು ಕಷ್ಟ. ನಿಮ್ಮ ಲೇಖನ ಈ ಅಂಕಿಯನ್ನು ಹಾಗೇ ಎತ್ತಿಕೊಂಡಿದೆ. 'ಕಂಪನಿ ಹೇಳಿದಂತೆ' ಎಂಬ ಎರಡು ಪದ ಸೇರಿಸಬೇಕಿತ್ತು. ಅದೇನೇ ಇರಲಿ, ಮಾರನೆಯ ದಿನದಿಂದ ಪೋಸ್ಟರಿನಲ್ಲಿ ಆ ಮುಖ ಇಲ್ಲ.

ಕಂಪನಿಯನ್ನು ವಹಿಸಿಕೊಂಡವರು ಶೋಯಿಚಿ ಅರಾಯಿ. ಅಲ್ಲಿಯವರೆಗೆ ರಿಂಗಿನಲ್ಲಿ ನಿಂತು ಕುಸ್ತಿಪಟುಗಳ ಹೆಸರು ಕೂಗುತ್ತಿದ್ದವರು, ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಕೈಗೆ ಬಂದದ್ದು ಹೆಸರು, ಸಿಬ್ಬಂದಿ, ಲಾರಿ, ರಿಂಗ್ ಮತ್ತು ಖರ್ಚಿನ ಅಭ್ಯಾಸ. ಜನರನ್ನು ಕರೆತರುತ್ತಿದ್ದ ಒಬ್ಬನೇ ಮನುಷ್ಯ ಆ ಪಟ್ಟಿಯಲ್ಲಿಲ್ಲ. ಅರಾಯಿ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಒಪ್ಪಬೇಕು. ಹಯಾಬುಸಾರನ್ನು ಮುಂದೆ ನಿಲ್ಲಿಸಿ ಹಾರಾಟದ ಕುಸ್ತಿ ತಂದರು. ಮಸಾತೊ ತನಾಕಾ, ಗ್ಲ್ಯಾಡಿಯೇಟರ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಮೈಕ್ ಆಸಮ್ ಬೆಳೆದದ್ದು ಇಲ್ಲೇ. ಮುಂದೆ ಅಮೆರಿಕದ ಕುಸ್ತಿ ಕಂಪನಿ ಇಸಿಡಬ್ಲ್ಯೂ ಇಬ್ಬರನ್ನೂ ಎತ್ತಿಕೊಂಡಿತು. ಆದರೆ ಗುತ್ತಿಗೆ ಪ್ರದರ್ಶನ ಇಳಿದಂತೆ ಕಂಪನಿ ವರ್ಷಕ್ಕೊಂದೆರಡು ದೊಡ್ಡ ಮೈದಾನದ ಲಾಭವನ್ನೇ ನೆಚ್ಚಬೇಕಾಯಿತು. ಉಳಿದ ತಿಂಗಳುಗಳು ಮುಂದಿನ ಮೈದಾನದ ಹೆಸರಲ್ಲಿ ತಂದ ಸಾಲದಲ್ಲಿ.

1996ರ ಡಿಸೆಂಬರ್ 11ರಂದು ಓನಿತಾ ವಾಪಸ್ ಬಂದರು. ನಿವೃತ್ತಿಗೆ ಟಿಕೆಟ್ ಕೊಂಡು ಅತ್ತಿದ್ದ ಜನರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಒಂದು ಮೋಸ ಹೀಗೆ ಬಯಲಾದ ಮೇಲೆ ಮುಂದೆ ಯಾವ 'ಕೊನೆಯ ಪಂದ್ಯ'ವನ್ನೂ ಮಾರುವುದು ಸುಲಭವಲ್ಲ. 1997ರ ಸೆಪ್ಟೆಂಬರ್ 28ರಂದು ಕಾವಾಸಾಕಿಗೆ ಮತ್ತೆ ಹೋದರು. ಹಣ ಒಂದಿಷ್ಟು ಬಂತು, ಜೊತೆಗೆ ಓನಿತಾ ಮತ್ತು ಕಂಪನಿಯ ನಡುವಿನ ಹಗ್ಗಜಗ್ಗಾಟವೂ. 1998ರ ನವೆಂಬರ್‌ನಲ್ಲಿ ಓನಿತಾ ಪೂರ್ತಿ ಹೊರನಡೆದರು. ಎರಡೇ ತಿಂಗಳಲ್ಲಿ, 1999ರ ಜನವರಿ 4ರಂದು, ನ್ಯೂ ಜಪಾನ್ ಕಂಪನಿಯ ಟೋಕಿಯೊ ಡೋಮ್ ಪ್ರದರ್ಶನದಲ್ಲಿ ಪ್ರತ್ಯಕ್ಷ! ಸ್ಫೋಟದ ಪಂದ್ಯವೂ ಅವರ ಬೆನ್ನಿಗೆ ಅಲ್ಲಿಗೇ ಹೋಯಿತು: ಅದೇ ವರ್ಷ ಮಸಾಹಿರೊ ಚೋನೊ ಜೊತೆ, 2000ದಲ್ಲಿ ರಿಕಿ ಚೋಶು ಜೊತೆ. ಸರಕು ಕಂಪನಿಯದ್ದಲ್ಲ, ಓನಿತಾರದ್ದೇ ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಗೊತ್ತಾಗಬೇಕಿಲ್ಲ.

ಅರಾಯಿ ಇನ್ನೊಂದು ದಾರಿ ಹುಡುಕಿದ್ದರು, ಅದು ಕೆಟ್ಟ ದಾರಿಯೂ ಆಗಿರಲಿಲ್ಲ. ಡೈರೆಕ್‌ಟಿವಿ ಜಪಾನ್ ಎಂಬ ಉಪಗ್ರಹ ಪ್ರಸಾರ ಸೇವೆ 1997ರ ಕೊನೆಗೆ ಶುರುವಾಗಿತ್ತು. ಅದಕ್ಕೆ ಕಾರ್ಯಕ್ರಮ ಬೇಕು, ಎಫ್‌ಎಂಡಬ್ಲ್ಯೂಗೆ ಟಿವಿ ಬೇಕು. 1998ರ ಏಪ್ರಿಲ್ 30ರಿಂದ ತಿಂಗಳಿಗೊಂದು ಪ್ರದರ್ಶನ ಹಣ ಕೊಟ್ಟು ನೋಡುವ ಪ್ರಸಾರದಲ್ಲಿ ಹೋಗತೊಡಗಿತು. ಕಂಪನಿ ಹುಟ್ಟಿ ಒಂಬತ್ತನೇ ವರ್ಷಕ್ಕೆ ಟಿಕೆಟ್ ಅಲ್ಲದ ನಿಗದಿತ ಆದಾಯ ಕಂಡಿತು. ಮುಳ್ಳುತಂತಿ ಹಿಂದೆ ಸರಿಯಿತು; ಕುಸ್ತಿಪಟು ಕೋದೊ ಫುಯುಕಿ ಕಥೆ ಹೆಣೆಯುವ ಹೊಣೆ ಹೊತ್ತು ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ ಮಾದರಿಯ ನಾಟಕ, ಜಗಳ, ಹಾಸ್ಯ ತಂದರು. 1999ರ ನವೆಂಬರ್ 23ರಂದು ಯೊಕೊಹಾಮಾ ಅರೀನಾದಲ್ಲಿ ಹತ್ತನೇ ವರ್ಷದ ಪ್ರದರ್ಶನಕ್ಕೆ ರೆಫರಿಯಾಗಿ ಬಂದವರು ಅಮೆರಿಕದ ಕುಸ್ತಿ ತಾರೆ ಶಾನ್ ಮೈಕಲ್ಸ್. ಪಂದ್ಯ ಚೆನ್ನಾಗಿತ್ತು. ಆದರೆ ಇಂಥ ಅತಿಥಿ, ಇಂಥ ಅರೀನಾ, ಎರಡೂ ಹಾಸಿಗೆ ಮೀರಿ ಚಾಚಿದ ಕಾಲು.

ಪೆಟ್ಟು ಬಿದ್ದದ್ದು 2000ದಲ್ಲಿ. ಸ್ಪರ್ಧಿ ಸ್ಕೈ ಪರ್ಫೆಕ್‌ಟಿವಿ ಮುಂದೆ ನಿಲ್ಲಲಾರದೆ ಡೈರೆಕ್‌ಟಿವಿ ಜಪಾನ್ ಸೇವೆ ನಿಲ್ಲಿಸಿತು, ಗ್ರಾಹಕರನ್ನು ಅತ್ತ ದಾಟಿಸಲಾಯಿತು. ಎಫ್‌ಎಂಡಬ್ಲ್ಯೂ ತನ್ನ ಆದಾಯದ ಮುಖ್ಯ ಪಾಲನ್ನು ಒಂದೇ ಗ್ರಾಹಕನ ಮೇಲೆ ನಿಲ್ಲಿಸಿತ್ತು. ಆ ಗ್ರಾಹಕನೇ ಅಂಗಡಿ ಮುಚ್ಚಿದ. ಖರ್ಚು ಮಾತ್ರ ಟಿವಿ ಕಾಲದ್ದೇ ಉಳಿಯಿತು: ಬೆಳಕು, ಪರದೆ, ಕ್ಯಾಮೆರಾ ತಂಡ, ಅತಿಥಿಗಳು. ನನ್ನ ಎಣಿಕೆಯಲ್ಲಿ ಕಂಪನಿ ಸೋತದ್ದು ಈ ವರ್ಷ. ಮುಂದಿನದು ಕಾಲ ತಳ್ಳಿದ್ದು.

ಕಾಲ ತಳ್ಳುವ ಸಾಧನ ಪ್ರಾಮಿಸರಿ ನೋಟು. ಜಪಾನಿನ ಸಣ್ಣ ವ್ಯಾಪಾರದಲ್ಲಿ ಆಗ ಅದು ದಿನಬಳಕೆಯ ವಸ್ತುವಾಗಿತ್ತು. ಮುದ್ರಣದವನಿಗೆ, ಬಸ್ಸಿನವನಿಗೆ ಈಗ ನಗದು ಕೊಡುವ ಬದಲು ಮೂರು ನಾಲ್ಕು ತಿಂಗಳ ಮುಂದಿನ ತಾರೀಕಿನ ನೋಟು ಬರೆದುಕೊಡುವುದು. ಆ ತಾರೀಕಿಗೆ ಬ್ಯಾಂಕ್ ಖಾತೆಯಲ್ಲಿ ಹಣ ಇರಲೇಬೇಕು. ಒಮ್ಮೆ ಇಲ್ಲದಿದ್ದರೆ ನೋಟು ಬೌನ್ಸ್ ಆಗಿ ಊರಿಗೆಲ್ಲ ಸುದ್ದಿ. ಆರು ತಿಂಗಳೊಳಗೆ ಎರಡನೇ ಸಲ ಹಾಗಾದರೆ ಎರಡು ವರ್ಷ ಚಾಲ್ತಿ ಖಾತೆಯ ವ್ಯವಹಾರವೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಕಂಪನಿ ಇನ್ನೂ ಇರಬಹುದು, ವ್ಯವಹಾರದಲ್ಲಿ ಸತ್ತಂತೆ. ಕುಸ್ತಿ ಕಂಪನಿಗೆ ಇದರಲ್ಲಿ ವಿಶೇಷ ಅಪಾಯವಿದೆ. ನೋಟಿನ ತಾರೀಕು ಕದಲುವುದಿಲ್ಲ, ಗಲ್ಲಾಪೆಟ್ಟಿಗೆ ಮಾತ್ರ ಮಳೆಗೂ ಗಾಯಕ್ಕೂ ಅಲುಗಾಡುತ್ತದೆ. ದೊಡ್ಡ ಪ್ರದರ್ಶನವೊಂದು ಅರ್ಧ ಖಾಲಿಯಾದರೆ ಹಳೆಯ ನೋಟು ತೀರಿಸಲು ಹೊಸ ಸಾಲ ಬೇಕು. ಬ್ಯಾಂಕ್ ಕೊಡದಿದ್ದಾಗ ಜನ ಹೋಗುವುದು ಮೀಟರ್ ಬಡ್ಡಿಯವರ ಹತ್ತಿರ. ಅರಾಯಿ ಹೋದದ್ದೂ ಅಲ್ಲಿಗೇ. ಕಂಪನಿಯ ಸಾಲಕ್ಕೆ ಸ್ವಂತ ಹೆಗಲನ್ನೂ ಕೊಟ್ಟಿದ್ದರು.

ಇಂಥ ಹೊತ್ತಿನಲ್ಲಿ ಬಂದದ್ದು 2001ರ ಅಕ್ಟೋಬರ್ 22. ಕೊರಾಕುಎನ್ ಹಾಲ್, ಐದನೇ ಮಹಡಿಯ ಸುಮಾರು ಎರಡು ಸಾವಿರ ಜನ ಹಿಡಿಯುವ ಸಭಾಂಗಣ, ಜಪಾನಿ ಕುಸ್ತಿಯ ಖಾಯಂ ಮನೆ. ಹಯಾಬುಸಾ ಎದುರು ಮ್ಯಾಮತ್ ಸಾಸಾಕಿ. ಹಯಾಬುಸಾ ಮಾಡಹೊರಟದ್ದು ಅವರು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದ ಪಟ್ಟು: ಓಡಿ ಹೋಗಿ ನಡು ಹಗ್ಗದ ಮೇಲೆ ಪಾದ ಊರಿ, ಅದರ ಪುಟಿತದಿಂದ ಹಿಂದಕ್ಕೆ ಪಲ್ಟಿ ಹೊಡೆದು ಎದುರಾಳಿಯ ಮೇಲೆ ಬೀಳುವುದು. ಇದರಲ್ಲಿ ಎಲ್ಲ ನಿಂತಿರುವುದು ಪಾದ ಹಗ್ಗಕ್ಕೆ ಒತ್ತಿದ ಒಂದು ಕ್ಷಣದಲ್ಲಿ. ಎತ್ತರ ಕೊಡುವುದೂ ಅದೇ, ಮೈ ಸುತ್ತುವ ವೇಗ ಕೊಡುವುದೂ ಅದೇ. ಅವತ್ತು ಪಾದ ಜಾರಿತು. ಎತ್ತರ ಸಿಗಲಿಲ್ಲ, ಸುತ್ತು ಅರ್ಧಕ್ಕೇ ನಿಂತು ತಲೆ ನೇರವಾಗಿ ಕ್ಯಾನ್ವಾಸಿಗೆ ಬಡಿಯಿತು, ಮೈಭಾರವೆಲ್ಲ ಕತ್ತಿನ ಮೇಲೆ. ಮುಳ್ಳುತಂತಿ ಇಲ್ಲ, ಬೆಂಕಿ ಇಲ್ಲ, ಮಾಮೂಲಿ ಪಂದ್ಯದ ಮಾಮೂಲಿ ಪಟ್ಟು. ಅವರು ಮತ್ತೆ ಕುಸ್ತಿ ಆಡಲಿಲ್ಲ; 2016ರ ಮಾರ್ಚ್ 3ರಂದು, 47ನೇ ವಯಸ್ಸಿನಲ್ಲಿ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಈ ಅಪಘಾತ ಕಂಪನಿಗೆ ಉಳಿದಿದ್ದ ಒಬ್ಬನೇ ಸೆಳೆತದ ಮನುಷ್ಯನನ್ನು ಕಿತ್ತುಕೊಂಡದ್ದು ನಿಜ. ಮುಂದೆ ಹಣ ಬರುವ ಆಸೆ ಹೋಯಿತು ಎನ್ನಿ, ಒಪ್ಪುತ್ತೇನೆ. ತಾರೀಕು ಬಿದ್ದ ನೋಟುಗಳು ಮಾತ್ರ ಅದಕ್ಕೂ ಮೊದಲಿನವು.

2002ರ ಫೆಬ್ರವರಿ 4ರಂದು ಕೊರಾಕುಎನ್ ಹಾಲ್‌ನಲ್ಲಿ ಕೊನೆಯ ಪ್ರದರ್ಶನ ನಡೆಯಿತು. ತಿಂಗಳ ನಡುವೆ ಎರಡನೇ ನೋಟು ಬೌನ್ಸ್ ಆಯಿತು, ಕಂಪನಿ ದಿವಾಳಿಯಾಯಿತು. ಅರಾಯಿ ಅದೇ ವರ್ಷ ಮೇ 16ರಂದು ತಮ್ಮ ಪ್ರಾಣ ತೆಗೆದುಕೊಂಡರು. ಅವರಿಗೆ 36 ವರ್ಷ. ಲೇಖನದಲ್ಲಿ ಅವರ ಹೆಸರೇ ಇಲ್ಲದಿರುವುದು ಈ ಪತ್ರ ಬರೆಯಲು ಮುಖ್ಯ ಕಾರಣ. ಆ ಹೊತ್ತಿಗೆ ಓನಿತಾ ಜಪಾನ್ ಸಂಸತ್ತಿನ ಮೇಲ್ಮನೆಯ ಸದಸ್ಯ, 2001ರ ಜುಲೈ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದವರು. ಕಂಪನಿ ಮುಚ್ಚಿದ ಮೇಲೆ ಉಳಿದವರು ಎರಡು ಪಾಲಾದರು: ಫುಯುಕಿ ಕಡೆಯವರು ಡಬ್ಲ್ಯೂಇಡಬ್ಲ್ಯೂ ಎಂದೂ, ಹಯಾಬುಸಾ ಮತ್ತು ಮಿಸ್ಟರ್ ಗನ್ನೊಸುಕೆ ಕಡೆಯವರು ಡಬ್ಲ್ಯೂಎಂಎಫ್ ಎಂದೂ ಹೊಸ ಕಂಪನಿ ಕಟ್ಟಿದರು. ಫುಯುಕಿ 2003ರ ಮಾರ್ಚ್‌ನಲ್ಲಿ ಕ್ಯಾನ್ಸರಿನಿಂದ ಹೋದರು. ಎರಡು ಕಂಪನಿಗಳೂ ಬಹಳ ಕಾಲ ಬಾಳಲಿಲ್ಲ.

ಲೇಖನದ ಕೊನೆಗೆ ಅಮೆರಿಕದ ಕುಸ್ತಿ ಕಂಪನಿ ಎಇಡಬ್ಲ್ಯೂ 2021ರ ಮಾರ್ಚ್ 7ರಂದು ಕೆನ್ನಿ ಒಮೆಗಾ ಮತ್ತು ಜಾನ್ ಮಾಕ್ಸ್‌ಲಿ ನಡುವೆ ನಡೆಸಿದ ಸ್ಫೋಟದ ಪಂದ್ಯವನ್ನು ಎಫ್‌ಎಂಡಬ್ಲ್ಯೂ ಪರಂಪರೆ ಎಂದಿದ್ದಾರೆ. ಪಂದ್ಯ ಮುಗಿದ ಮೇಲೆ ರಿಂಗೇ ಸಿಡಿಯಬೇಕಿದ್ದ ಕಡೆ ಮೂಲೆಗಳಲ್ಲಿ ಒಂದಿಷ್ಟು ಸುರುಸುರುಬತ್ತಿಯಂಥ ಕಿಡಿ ಹಾರಿ ಎಲ್ಲ ತಣ್ಣಗಾಯಿತು. ಅಲ್ಲಿಯೂ ಒಬ್ಬ ಓಡಿಬಂದು ಬಿದ್ದವನ ಮೇಲೆ ಮರೆಯಾಗಿ ಮಲಗಿದ್ದ, ಥೇಟ್ 1993ರ ಹಾಗೆ. ಮೇಲೆ ಏನೂ ಸಿಡಿಯದ್ದರಿಂದ ನೋಡುವವರಿಗೆ ನಗು ಬಂತು. ಮೂವತ್ತು ವರ್ಷ ಹಿಂದೆ ಕಾಸಿಲ್ಲದ ಕಂಪನಿ ಬಯಲಲ್ಲಿ ಸರಿಯಾಗಿ ಸಿಡಿಸಿದ್ದನ್ನು ಇವತ್ತಿನ ಹಣವಂತರು ಸಿಡಿಸಲಾರದೆ ಹೋದರು.

ಆಸಕ್ತ ಓದುಗರು ಎಫ್‌ಎಂಡಬ್ಲ್ಯೂ ನೋಡಬೇಕೆಂದರೆ ಸಾಂಡಾದ ಬೆಂಕಿಯಿಂದ ಶುರುಮಾಡಬೇಡಿ. ಮೊದಲು 1993ರ ಓನಿತಾ ಮತ್ತು ಫಂಕ್ ಪಂದ್ಯ, ಪೂರ್ತಿ, ಕೊನೆಯ ಸೈರನ್‌ವರೆಗೆ. ಆಮೇಲೆ 1996ರ ಕುಡೋ ಮತ್ತು ತೊಯೊಡಾ. ಹಯಾಬುಸಾ ಏನಾಗಿದ್ದರು ಎಂದು ತಿಳಿಯಲು 1994ರ ಏಪ್ರಿಲ್ 16ರ ಸೂಪರ್ ಜೆ ಕಪ್‌ನಲ್ಲಿ ಜುಶಿನ್ ಲೈಗರ್ ಎದುರಿನ ಪಂದ್ಯ. ಅದು ಎಫ್‌ಎಂಡಬ್ಲ್ಯೂ ಪ್ರದರ್ಶನವಲ್ಲ, ನ್ಯೂ ಜಪಾನ್ ನಡೆಸಿದ್ದು, ಆ ಹೆಸರಿನಲ್ಲೇ ಹುಡುಕಬೇಕು.

ಇತಿ,
ನಿಮ್ಮ ಓದುಗ